ದಿನಾ ತಿನ್ನುವ ಚಪಾತಿ ಅವತ್ತೊಂದು ದಿನ ಯಾಕೆ ತಿರುಗಿಬಿತ್ತು?

ಪ್ರಶ್ನೆ: ಡಾಕ್ಟ್ರೇ, ನನಗೆ 37 ವರ್ಷ, ಹುಬ್ಬಳ್ಳಿಯವಳು. ಒಂದೂವರೆ ವರ್ಷದಲ್ಲಿ ಮೂರು ಸಲ ಮೈತುಂಬ ಪಿತ್ತದ ಗಂಧೆ ಎದ್ದಿವೆ. ಮೊದಲ ಸಲ ಮದುವೆಯಲ್ಲಿ ಹೋಳಿಗೆ ಊಟ ಮಾಡಿ, ಬಸ್ ತಪ್ಪುತ್ತದೆ ಎಂದು ಓಡಿದಾಗ. ಎರಡನೇ ಸಲ ತುಂಬಾ ಜೋರಾಯಿತು. ಬೆಳಿಗ್ಗೆ ಉಪ್ಪಿಟ್ಟು ತಿಂದು, ಮುಟ್ಟಿನ ಹೊಟ್ಟೆನೋವಿಗೆ ಮೆಫ್ತಾಲ್ ಸ್ಪಾಸ್ ನುಂಗಿ ವಾಕಿಂಗ್ ಹೋಗಿದ್ದೆ. ಅರ್ಧ ಗಂಟೆಯಲ್ಲಿ ಅಂಗೈ ತುರಿಕೆ ಶುರುವಾಯಿತು, ತುಟಿ ಊದಿತು, ಕಣ್ಣು ಕತ್ತಲೆ ಬಂದು ರಸ್ತೆಯಲ್ಲೇ ಬಿದ್ದೆ. ಆಸ್ಪತ್ರೆಯಲ್ಲಿ ಬಿಪಿ 80 ಇದೆ ಎಂದರು. ಅವಿಲ್ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಫುಡ್ ಪಾಯಿಸನ್ ಇರಬಹುದು ಎಂದು ಸಂಜೆ ಮನೆಗೆ ಕಳಿಸಿದರು. ಮೂರನೇ ಸಲ ರಾತ್ರಿ ಚಪಾತಿ, ಎಣ್ಣೆಗಾಯಿ ಉಂಡು, ಬೆನ್ನುನೋವಿಗೆ ಕಾಂಬಿಫ್ಲಾಮ್ ತಗೊಂಡಿದ್ದೆ. ಬರೀ ಗಂಧೆ ಎದ್ದು ಇಳಿದವು. ಆದರೆ ವಾರಕ್ಕೆ ನಾಲ್ಕೈದು ದಿನ ಚಪಾತಿ ತಿನ್ನುತ್ತೇನೆ, ಏನೂ ಆಗುವುದಿಲ್ಲ! ಚರ್ಮಕ್ಕೆ ಚುಚ್ಚಿ ಮಾಡುವ ಟೆಸ್ಟಿನಲ್ಲಿ ಗೋಧಿ ನೆಗೆಟಿವ್ ಬಂದಿದೆ. ಇನ್ನೊಂದು ಲ್ಯಾಬಿನ ರಕ್ತಪರೀಕ್ಷೆಯಲ್ಲಿ ಹಾಲು, ಬದನೆಕಾಯಿ, ಹೆಸರುಬೇಳೆ ಅಂತ ಇಪ್ಪತ್ತಕ್ಕೂ ಹೆಚ್ಚು ಪದಾರ್ಥ ಬರೆದು ಕೊಟ್ಟಿದ್ದಾರೆ. ಅತ್ತೆ ಪಿತ್ತ ಅಂತಾರೆ, ನಮ್ಮವರು ಮಾತ್ರೆ ಅಲರ್ಜಿ ಅಂತಾರೆ. ಯಾವುದು ನಿಜ? ವಾಕಿಂಗ್ ಬಿಡಬೇಕಾ? 9 ವರ್ಷದ ಮಗಳಿಗೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲು ಎರಡನೇ ಸಲದ ವಿಷಯ ಹೇಳಿಬಿಡುತ್ತೇನೆ. ಅದು ಫುಡ್ ಪಾಯಿಸನ್ ಅಲ್ಲ. ತುರಿಕೆ, ತುಟಿ ಊತ, ಬಿಪಿ ಕುಸಿದು ಬೀಳುವುದು, ಇಷ್ಟೂ ಅರ್ಧ ಗಂಟೆಯೊಳಗೆ ಆಗಿದೆ. ಇದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಅಲರ್ಜಿಯಲ್ಲಿ ಜೀವಕ್ಕೆ ಕುತ್ತು ತರುವ ರೂಪ ಇದು. ಇನ್ನೊಮ್ಮೆ ಆಗಬಹುದು ಎಂದುಕೊಂಡೇ ತಯಾರಿ ಮಾಡಿಕೊಳ್ಳಬೇಕು. ಆ ತಯಾರಿ ಹೇಗೆ ಎಂದು ಮುಂದೆ ಬರೆದಿದ್ದೇನೆ. ಉಳಿದದ್ದು ಓದದಿದ್ದರೂ ಆ ಭಾಗ ಓದಿ, ಮನೆಯವರಿಗೂ ಓದಿಸಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಗೋಧಿನಾ, ಮಾತ್ರೆನಾ, ಓಟನಾ ಎಂದು ಮೂರರಲ್ಲಿ ಒಂದನ್ನು ಆರಿಸಿ ಎನ್ನುವ ಹಾಗೆ ಕೇಳಿದ್ದೀರಿ. ನೀವು ಬರೆದಿರುವುದನ್ನು ನೋಡಿದರೆ ಉತ್ತರ ಬಹುಶಃ ಒಂದಲ್ಲ. ಗೋಧಿ ಮೂಲ ಕಾರಣ. ಮಾತ್ರೆ ಮತ್ತು ಓಟ ಅದಕ್ಕೆ ಜೊತೆಗೂಡಿದ ಕಾರಣಗಳು. ಗೋಧಿ ಒಂದೇ ಇದ್ದಾಗ ದೇಹ ತಡೆದುಕೊಳ್ಳುತ್ತಿದೆ. ಜೊತೆಗೆ ಇನ್ನೊಂದು ಸೇರಿದರೆ ಗಂಧೆ ಏಳುತ್ತಿವೆ. ಎರಡು ಮೂರು ಒಟ್ಟಿಗೆ ಸೇರಿದ ದಿನ ನೀವು ರಸ್ತೆಯಲ್ಲಿ ಬಿದ್ದಿದ್ದೀರಿ.

ಒಲೆ ಮೇಲಿಟ್ಟ ಹಾಲಿನ ಹಾಗೆ ಅಂದುಕೊಳ್ಳಿ. ಪಾತ್ರೆಯಲ್ಲಿ ಹಾಲು ಎಷ್ಟಿದೆ ಎಂಬುದು ಮುಖ್ಯ, ಉರಿ ಎಷ್ಟಿದೆ ಎಂಬುದೂ ಮುಖ್ಯ. ಸಣ್ಣ ಉರಿಯಲ್ಲಿ ಪಾತ್ರೆ ತುಂಬ ಹಾಲಿದ್ದರೂ ಉಕ್ಕದೇ ಇರಬಹುದು. ಉರಿ ಜೋರಾದರೆ ಅರ್ಧ ಪಾತ್ರೆ ಹಾಲೂ ಉಕ್ಕುತ್ತದೆ. ಓಟ, ನೋವಿನ ಮಾತ್ರೆ, ಮದ್ಯ, ಜ್ವರ, ನಿದ್ದೆಗೇಡು, ಕೆಲವು ಹೆಂಗಸರಲ್ಲಿ ಮುಟ್ಟಿನ ದಿನಗಳು, ಇವೆಲ್ಲ ಉರಿ ಏರಿಸುವಂಥವು. ನಿಮ್ಮ ಎರಡನೇ ಘಟನೆಯನ್ನೇ ನೋಡಿ. ರವೆ ಇತ್ತು, ಮೆಫ್ತಾಲ್ ಇತ್ತು, ನಡಿಗೆ ಇತ್ತು, ಮುಟ್ಟೂ ಇತ್ತು. ಜೋರಾದದ್ದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ?

ಗೋಧಿಯ ಮೇಲೇ ಯಾಕೆ ಅನುಮಾನ?

ಮೂರು ಊಟವನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ. ಹೋಳಿಗೆಯ ಕಣಕಕ್ಕೆ ಮೈದಾ ಅಥವಾ ಚಿರೋಟಿ ರವೆ. ಉಪ್ಪಿಟ್ಟಿಗೆ ರವೆ. ಚಪಾತಿ ಅಂತೂ ಗೋಧಿ ಹಿಟ್ಟೇ. ಮೂರರ ಮೂಲವೂ ಗೋಧಿ. ಕಡಲೆಬೇಳೆಯನ್ನೂ ನಾನು ಲೆಕ್ಕಕ್ಕೆ ತಗೊಂಡೆ. ನಿಮ್ಮ ಕಡೆ ಹೋಳಿಗೆಯ ಹೂರಣ ಕಡಲೆಬೇಳೆಯದು, ಉಪ್ಪಿಟ್ಟಿನ ಒಗ್ಗರಣೆಯಲ್ಲೂ ಅದು ಇರುತ್ತದೆ. ಕಡಲೆ ಅಲರ್ಜಿ ನಮ್ಮ ದೇಶದಲ್ಲಿ ಅಪರೂಪವೇನಲ್ಲ. ಆದರೆ ಮೂರನೇ ಸಲ ಚಪಾತಿ ಜೊತೆ ಜುಣಕ ಇರಲಿಲ್ಲ, ಎಣ್ಣೆಗಾಯಿ ಇತ್ತು. ಅದರಲ್ಲಿ ಶೇಂಗಾ, ಗುರೆಳ್ಳು ಇರುತ್ತವೆ, ಕಡಲೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಕಡಲೆಯ ಮೇಲಿನ ಅನುಮಾನ ಕಡಿಮೆ. ಆ ಅನುಮಾನವನ್ನು ಪೂರ್ತಿ ಬಿಡಬೇಡಿ, ಟೆಸ್ಟ್ ಮಾಡಿಸುವಾಗ ಅದನ್ನೂ ಸೇರಿಸಿ.

ಊಟವಾದ ಮೇಲೆ ಮೈ ದಣಿಸಿದರೆ ಮಾತ್ರ ಬರುವ ಈ ಥರದ ಅಲರ್ಜಿ ವೈದ್ಯರ ಗಮನಕ್ಕೆ ಬಂದದ್ದು ತೀರಾ ಹಿಂದೇನಲ್ಲ. ಅಮೆರಿಕದಲ್ಲಿ ಚಿಪ್ಪಿನ ಮೀನು ತಿಂದು ಓಡಿದಾಗ ಮಾತ್ರ ಅನಾಫಿಲ್ಯಾಕ್ಸಿಸ್ ಆಗುತ್ತಿದ್ದ ಓಟಗಾರನೊಬ್ಬನ ವಿವರ 1979ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಿಂದರೆ ಏನೂ ಇಲ್ಲ, ಓಡಿದರೆ ಏನೂ ಇಲ್ಲ, ತಿಂದು ಓಡಿದರೆ ಮಾತ್ರ ತೊಂದರೆ. ಆಮೇಲೆ ಜಪಾನಿನಲ್ಲಿ, ಯುರೋಪಿನಲ್ಲಿ ಇಂಥ ರೋಗಿಗಳು ಸಾಲು ಸಾಲಾಗಿ ಸಿಕ್ಕರು. ಅವರಲ್ಲಿ ಜಾಸ್ತಿ ಜನರಿಗೆ ಕಾರಣ ಗೋಧಿ. ನಮ್ಮ ಕರಾವಳಿಯವರು ಸಿಗಡಿ, ಏಡಿಯನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಸ್ಪೇನ್, ಇಟಲಿ ಕಡೆ ಪೀಚ್ ಹಣ್ಣಿನ ಸಿಪ್ಪೆಯಲ್ಲಿರುವ ಒಂದು ಪ್ರೋಟೀನು ಇದೇ ಆಟ ಆಡುತ್ತದೆ.

ಗೋಧಿಯ ಅಂಟು, ಅಂದರೆ ಗ್ಲುಟೆನ್, ಒಂದೇ ವಸ್ತುವಲ್ಲ. ಅದರಲ್ಲಿ ಹಲವು ಪ್ರೋಟೀನುಗಳಿವೆ. ನಿಮ್ಮಂಥವರಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಒಮೆಗಾ-5 ಗ್ಲಯಾಡಿನ್ ಎಂಬುದು. ಇದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಚರ್ಮಕ್ಕೆ ಚುಚ್ಚಲು ಬಳಸುವ ಗೋಧಿಯ ದ್ರಾವಣದಲ್ಲಿ ಇರುವುದು ಮುಖ್ಯವಾಗಿ ನೀರಿನಲ್ಲಿ ಕರಗುವ ಪ್ರೋಟೀನುಗಳು. ನಿಮ್ಮ ಟೆಸ್ಟ್ ನೆಗೆಟಿವ್ ಬಂದದ್ದಕ್ಕೆ ಇದೇ ಕಾರಣ ಇದ್ದೀತು. ಮಾಮೂಲಿ ಗೋಧಿ ಐಜಿಇ (ಅಲರ್ಜಿ ತರುವ ಪ್ರತಿಕಾಯ) ರಕ್ತಪರೀಕ್ಷೆಯೂ ಕೆಲವೊಮ್ಮೆ ಇದನ್ನು ಹಿಡಿಯುವುದಿಲ್ಲ. ‘ಒಮೆಗಾ-5 ಗ್ಲಯಾಡಿನ್ ಐಜಿಇ’ ಎಂದು ಹೆಸರು ಹೇಳಿಯೇ ಬರೆಸಬೇಕು. ಎಲ್ಲ ಕಡೆ ಮಾಡುವುದಿಲ್ಲ, ದೊಡ್ಡ ಲ್ಯಾಬುಗಳಲ್ಲಿ ಕೇಳಿ ನೋಡಿ. ಅದು ಪಾಸಿಟಿವ್ ಬಂದು, ನೀವು ಹೇಳಿದ ಕಥೆಗೂ ಹೊಂದಿದರೆ ಅಲ್ಲಿಗೆ ಮುಗಿಯಿತು. ನೆಗೆಟಿವ್ ಬಂದರೂ ಅನುಮಾನ ಉಳಿದರೆ ಆಸ್ಪತ್ರೆಯಲ್ಲೇ ಗೋಧಿ ತಿನ್ನಿಸಿ, ಟ್ರೆಡ್‌ಮಿಲ್ ಮೇಲೆ ಓಡಿಸಿ, ಕೆಲವೊಮ್ಮೆ ಆಸ್ಪಿರಿನ್ ಕೊಟ್ಟು ನೋಡುತ್ತಾರೆ. ಇದನ್ನು ದಯವಿಟ್ಟು ಮನೆಯಲ್ಲಿ ‘ಒಮ್ಮೆ ನೋಡೇಬಿಡೋಣ’ ಎಂದು ಮಾಡಲು ಹೋಗಬೇಡಿ.

ಆ ಇಪ್ಪತ್ತು ಪದಾರ್ಥಗಳ ಪಟ್ಟಿ ಇದೆಯಲ್ಲ, ಅದು ಬಹುಶಃ ಐಜಿಜಿ ಎಂಬ ಬೇರೆ ಪ್ರತಿಕಾಯದ ಪರೀಕ್ಷೆ. ರಿಪೋರ್ಟ್ ತೆಗೆದು ನೋಡಿ, ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಜಿ ಇದೆಯೋ ಇ ಇದೆಯೋ ಎಂದು. ಜಿ ಇದ್ದರೆ ಅದನ್ನು ಬದಿಗಿಡಿ. ನಾವು ಏನನ್ನು ತಿನ್ನುತ್ತೇವೋ ಅದಕ್ಕೆ ದೇಹ ಐಜಿಜಿ ಮಾಡಿಕೊಳ್ಳುವುದು ಸಹಜ. ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ. ಇಂಥ ಪಟ್ಟಿ ನಂಬಿ ಹಾಲು, ಬೇಳೆ ಬಿಟ್ಟು ಸೊರಗಿದವರೇ ಜಾಸ್ತಿ. ದುಡ್ಡಂತೂ ದಂಡ.

ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ?

ನೋವಿನ ಮಾತ್ರೆಗಳಲ್ಲಿ ಒಂದು ದೊಡ್ಡ ಬಳಗ ಇದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್ ಎಲ್ಲ ಈ ಬಳಗದವೇ. ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗದಂತೆ ತಡೆದು ಇವು ನೋವು, ಉರಿಯೂತ ಇಳಿಸುತ್ತವೆ. ತೊಂದರೆ ಏನೆಂದರೆ ಪ್ರೊಸ್ಟಾಗ್ಲಾಂಡಿನ್‌ಗಳೆಲ್ಲ ನೋವು ಕೊಡುವಂಥವೇ ಅಲ್ಲ. ಅವುಗಳಲ್ಲಿ ಇ2 ಎಂಬುದು ಹೊಟ್ಟೆ, ಕರುಳಿನ ಒಳಪದರವನ್ನು ಕಾಯುತ್ತದೆ. ಅಲರ್ಜಿಯ ಹಿಸ್ಟಮಿನ್ ತುಂಬಿಕೊಂಡು ಕುಳಿತಿರುವ ಮಾಸ್ಟ್ ಕಣಗಳನ್ನು ಸುಮ್ಮನಿರಿಸುವುದರಲ್ಲೂ ಅದರ ಪಾಲಿದೆ. ಮಾತ್ರೆ ನುಂಗಿದಾಗ ಈ ಎರಡು ಕಾವಲೂ ಸಡಿಲವಾಗುತ್ತವೆ. ಕರುಳಿನ ಗೋಡೆಯಲ್ಲಿ ಸಂದು ಬಿಡುತ್ತದೆ, ಪೂರ್ತಿ ಜೀರ್ಣವಾಗದ ಗೋಧಿಯ ಪ್ರೋಟೀನು ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ನುಸುಳುತ್ತದೆ. ಅತ್ತ ಮಾಸ್ಟ್ ಕಣಗಳೂ ಸಣ್ಣ ನೆಪಕ್ಕೇ ಸಿಡಿಯುತ್ತವೆ.

ಇದು ಬರೀ ಊಹೆಯಲ್ಲ. ಜಪಾನಿನ ಸಂಶೋಧಕರು ಇಂಥ ರೋಗಿಗಳಿಗೆ ಗೋಧಿ ತಿನ್ನಿಸಿ, ಜೊತೆಗೆ ವ್ಯಾಯಾಮ ಮಾಡಿಸಿ ಅಥವಾ ಆಸ್ಪಿರಿನ್ ಕೊಟ್ಟು, ರಕ್ತದಲ್ಲಿ ಗ್ಲಯಾಡಿನ್ ಎಷ್ಟಿದೆ ಎಂದು ಅಳೆದರು. ಎರಡರಿಂದಲೂ ಅದರ ಮಟ್ಟ ಏರಿತು. 2005ರಲ್ಲಿ ಪ್ರಕಟವಾದ ಕೆಲಸ ಇದು. ಅಂದರೆ ಓಟ ಮತ್ತು ಆಸ್ಪಿರಿನ್ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಬಾಗಿಲು ತೆರೆಯುತ್ತವೆ. ಓಡುವಾಗ ರಕ್ತ ಕರುಳನ್ನು ಬಿಟ್ಟು ಮಾಂಸಖಂಡಗಳ ಕಡೆ ಹರಿಯುತ್ತದೆ. ಕರುಳಿನ ಗೋಡೆಗೆ ಅಷ್ಟು ಹೊತ್ತು ಕಷ್ಟಕಾಲ, ಅದು ಹೆಚ್ಚು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಬಂದದ್ದು ರಭಸದ ರಕ್ತದೊಂದಿಗೆ ಚರ್ಮ, ಶ್ವಾಸಕೋಶ ಎಲ್ಲ ಕಡೆ ಬೇಗ ತಲುಪುತ್ತದೆ.

ಗೋಧಿಯವರಿಗೆ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಶೇಂಗಾ ಅಲರ್ಜಿ ಇರುವ ವಯಸ್ಕರ ಮೇಲೆ ಒಂದು ಒಳ್ಳೆಯ ಅಧ್ಯಯನ ನಡೆಯಿತು. 2019ರಲ್ಲಿ ಅದರ ಫಲಿತಾಂಶ ಬಂತು. ಎಷ್ಟು ಶೇಂಗಾ ತಿಂದರೆ ತೊಂದರೆ ಶುರುವಾಗುತ್ತದೆ ಎಂದು ಮೊದಲು ಅಳೆದರು. ಆಮೇಲೆ ವ್ಯಾಯಾಮ ಮಾಡಿಸಿ, ಇನ್ನೊಮ್ಮೆ ರಾತ್ರಿ ನಿದ್ದೆಗೆಡಿಸಿ ಅಳೆದರು. ಎರಡರಲ್ಲೂ ಆ ಪ್ರಮಾಣ ಸರಾಸರಿ ಶೇಕಡಾ 45ರಷ್ಟು ಇಳಿಯಿತು. ನಿದ್ದೆಗೆಟ್ಟರೂ ವ್ಯಾಯಾಮದಷ್ಟೇ ಪರಿಣಾಮ! ನನ್ನನ್ನು ಕೇಳಿದರೆ ಇದಕ್ಕೆ ನಾವು ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ. ನೈಟ್ ಶಿಫ್ಟ್ ಮಾಡುವವರು, ಪರೀಕ್ಷೆಗೆ ಓದುವ ಮಕ್ಕಳು, ಮದುವೆ ಮನೆಯಲ್ಲಿ ರಾತ್ರಿಯಿಡೀ ಓಡಾಡಿದವರು ಮಾರನೇ ದಿನ ಅಲರ್ಜಿ ಜೋರಾಯಿತು ಎಂದರೆ ನಂಬಿ.

ನಿಮ್ಮ ಮೂರನೇ ಘಟನೆಯಲ್ಲಿ ಓಟವೇ ಇರಲಿಲ್ಲ. ಅದಕ್ಕೂ ವಿವರಣೆ ಇದೆ. ಗೋಧಿ ಮತ್ತು ವ್ಯಾಯಾಮದ ಈ ಕಾಯಿಲೆಗೆ ವ್ಯಾಯಾಮ ಬೇಕೇ ಬೇಕು ಎಂದು ಬಹಳ ವರ್ಷ ತಿಳಿದಿದ್ದರು. ಡೆನ್ಮಾರ್ಕಿನ ವೈದ್ಯರು ರೋಗಿಗಳನ್ನು ಸುಮ್ನೆ ಕೂರಿಸಿ, ಗೋಧಿಯ ಪ್ರಮಾಣ ಏರಿಸುತ್ತಾ ಹೋದಾಗ ಅವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಕೂತಲ್ಲೇ ಲಕ್ಷಣ ಬಂತು. ಆಸ್ಪಿರಿನ್, ಮದ್ಯ ಕೂಡ ವ್ಯಾಯಾಮದ ಹಾಗೆಯೇ ಮಿತಿಯನ್ನು ಇಳಿಸುತ್ತವೆ ಎಂದು ಅವರೇ ಮುಂದೆ ತೋರಿಸಿದರು. ಹಾಗಾಗಿ ‘ನಾನು ಜಿಮ್ಮಿಗೆ ಹೋಗಲ್ಲ, ನನಗೇನೂ ಆಗಲ್ಲ’ ಎಂಬ ಧೈರ್ಯ ಬೇಡ.

ಹಾಗಾದರೆ ನಿಮ್ಮ ಯಜಮಾನರು ಹೇಳಿದ್ದು ತಪ್ಪಾ? ಪೂರ್ತಿ ತಪ್ಪು ಎನ್ನುವ ಹಾಗಿಲ್ಲ. ಗೋಧಿಯ ಸಂಬಂಧವೇ ಇಲ್ಲದೆ ನೋವಿನ ಮಾತ್ರೆ ಒಂದರಿಂದಲೇ ಗಂಧೆ, ಊತ, ಅನಾಫಿಲ್ಯಾಕ್ಸಿಸ್ ಆಗುವವರು ಇದ್ದಾರೆ. ಮೂಗಿನಲ್ಲಿ ದುರ್ಮಾಂಸ ಮತ್ತು ಅಸ್ತಮಾ ಇರುವವರಲ್ಲಿ ಈ ಮಾತ್ರೆಗಳಿಂದ ಉಸಿರು ಕಟ್ಟುವುದೂ ಉಂಟು. ನಿಮ್ಮ ವಿಷಯದಲ್ಲಿ ಇದನ್ನು ಬೇರೆ ಮಾಡಿ ನೋಡಲು ಒಂದು ಪ್ರಶ್ನೆ ಸಾಕು. ಅನ್ನ ಸಾರು ಉಂಡ ದಿನ, ಇಲ್ಲವೇ ಜೋಳದ ರೊಟ್ಟಿ ಉಂಡ ದಿನ ಮೆಫ್ತಾಲ್ ಅಥವಾ ಕಾಂಬಿಫ್ಲಾಮ್ ತಗೊಂಡಿದ್ದೀರಾ, ಆಗ ಏನಾಗಿತ್ತು? ಏನೂ ಆಗಿಲ್ಲ ಎಂದಾದರೆ ಮಾತ್ರೆ ಒಂದೇ ಕಾರಣ ಅಲ್ಲ. ಹೋಳಿಗೆ ಊಟದ ದಿನ ಮಾತ್ರೆಯೇ ಇರಲಿಲ್ಲ, ಮಾತ್ರೆ ಒಂದೇ ಕಾರಣ ಅಲ್ಲ ಎಂಬುದಕ್ಕೆ ಅದೂ ಸಾಕ್ಷಿಯೇ. ನೆನಪಿಲ್ಲದಿದ್ದರೆ ಈಗ ನುಂಗಿ ನೋಡಬೇಡಿ, ಡಾಕ್ಟರಿಗೆ ‘ಗೊತ್ತಿಲ್ಲ’ ಎಂದೇ ಹೇಳಿ.

ಅತ್ತೆಯವರ ಪಿತ್ತದ ಮಾತು. ಗಂಧೆಗೆ ನಮ್ಮಲ್ಲಿ ತಲೆಮಾರುಗಳಿಂದ ಪಿತ್ತ ಎಂದೇ ಹೇಳುತ್ತಾರೆ. ಕಂಬಳಿಯಿಂದ ಮೈ ಉಜ್ಜುತ್ತಾರೆ, ಕರಾವಳಿಯಲ್ಲಿ ಪುನರ್ಪುಳಿ ಕುಡಿಸುತ್ತಾರೆ. ಬರೀ ಗಂಧೆ ಎದ್ದು, ಉಸಿರು, ಬಿಪಿ ಸರಿ ಇದ್ದರೆ ಅವು ತಾವಾಗಿಯೇ ಇಳಿಯುವುದು ಸಾಮಾನ್ಯ, ಪುನರ್ಪುಳಿಯಿಂದ ನಷ್ಟವೇನಿಲ್ಲ. ತಲೆ ಸುತ್ತುತ್ತಿರುವಾಗ ಕಂಬಳಿ ಹುಡುಕುತ್ತಾ ಹೊತ್ತು ಕಳೆದರೆ ಮಾತ್ರ ಅನಾಹುತ.

ಇನ್ನೊಂದು ಅನುಮಾನವನ್ನೂ ಹೇಳಿಬಿಡಬೇಕು. ಹಿಟ್ಟಿನಲ್ಲಿ ಬೆಳೆಯುವ ಕಣ್ಣಿಗೆ ಕಾಣದ ನುಸಿಗಳು. ಮನೆಯ ಧೂಳಿನಲ್ಲಿರುವ ನುಸಿಯ ಬಂಧುಗಳೇ ಇವು. ಬಿಸಿ, ತೇವದ ಹವೆಯಲ್ಲಿ ಹಳೇ ಮೈದಾ, ಗೋಧಿ ಹಿಟ್ಟಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಧೂಳಿನ ಅಲರ್ಜಿ ಇರುವವರು ಆ ಹಿಟ್ಟಿನ ತಿಂಡಿ ತಿಂದಾಗ ಅನಾಫಿಲ್ಯಾಕ್ಸಿಸ್ ಆಗುವುದನ್ನು ವೆನೆಜುವೆಲಾದ ವೈದ್ಯರು 1990ರ ದಶಕದಲ್ಲಿ ಚೆನ್ನಾಗಿ ಗುರುತಿಸಿದರು. ಬೇಯಿಸಿದರೂ ಆ ಅಲರ್ಜಿಕಾರಕ ಪೂರ್ತಿ ನಾಶವಾಗುವುದಿಲ್ಲ. ಅಂಥವರಲ್ಲಿ ಅನೇಕರಿಗೆ ಆಸ್ಪಿರಿನ್ ಬಳಗದ ಮಾತ್ರೆಗಳೂ ಆಗಿಬರುತ್ತಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. ನಿಮಗೆ ಬೆಳಿಗ್ಗೆ ಸೀನು, ಧೂಳಿಗೆ ಮೂಗು ಸೋರುವುದು ಇದೆಯಾ? ನಿಮ್ಮ ಪ್ರಶ್ನೆಯಲ್ಲಿ ಅದು ಇಲ್ಲ. ಹುಬ್ಬಳ್ಳಿಗಿಂತ ಮಂಗಳೂರು, ಕಾರವಾರ, ಮಲೆನಾಡಿನ ಮಳೆಗಾಲದಲ್ಲಿ ಈ ಚಿಂತೆ ಜಾಸ್ತಿ. ಹಿಟ್ಟು, ರವೆಯನ್ನು ಸ್ವಲ್ಪ ಸ್ವಲ್ಪ ತಂದು, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡುವುದು ಎಲ್ಲರಿಗೂ ಒಳ್ಳೆಯದೇ.

ಮತ್ತೆ ಆದರೆ ಏನು ಮಾಡಬೇಕು?

ಗಂಧೆ ಅಥವಾ ತುರಿಕೆಯ ಜೊತೆ ಈ ಯಾವುದಾದರೂ ಒಂದು ಸೇರಿದರೆ ಅದು ಅನಾಫಿಲ್ಯಾಕ್ಸಿಸ್: ಉಸಿರಾಟದ ಕಷ್ಟ, ದನಿ ಒಡೆಯುವುದು ಅಥವಾ ಗಂಟಲು ಬಿಗಿಯುವುದು, ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು, ಬಿಡದೆ ವಾಂತಿ. ಕೆಲವರಿಗೆ ಚರ್ಮದ ಲಕ್ಷಣ ಇಲ್ಲದೆಯೂ ಬರುತ್ತದೆ. ನಡೆಯುತ್ತಿದ್ದರೆ ಅಲ್ಲೇ ನಿಲ್ಲಿಸಿ. ‘ಮನೆ ಇಲ್ಲೇ ಇದೆ, ಹೋಗಿಬಿಡೋಣ’ ಎಂದು ಹೆಜ್ಜೆ ಹಾಕಬೇಡಿ. ನೆಲದ ಮೇಲೆ ಮಲಗಿ, ಕಾಲು ಎತ್ತರದಲ್ಲಿಡಿ. ಉಸಿರು ಕಟ್ಟುತ್ತಿದ್ದರೆ ಮಾತ್ರ ಒರಗಿ ಕೂರಿ, ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ತಿರುಗಿ. ಬಿಪಿ ಕುಸಿದವರನ್ನು ದಿಢೀರನೆ ಎಬ್ಬಿಸಿ ನಿಲ್ಲಿಸಿದಾಗ ಹೃದಯಕ್ಕೆ ರಕ್ತ ಮರಳದೆ ಪ್ರಾಣ ಹೋದ ಪ್ರಕರಣಗಳು ಬ್ರಿಟನ್ನಿನಲ್ಲಿ ದಾಖಲಾಗಿವೆ. ಇಬ್ಬರು ಹೆಗಲು ಕೊಟ್ಟು ಆಟೋವರೆಗೆ ನಡೆಸಿಕೊಂಡು ಹೋಗುವುದು ನಮ್ಮಲ್ಲಿ ಮಾಮೂಲು. ಅದನ್ನು ಮಾಡಬೇಡಿ. ಮಲಗಿಸಿಯೇ ಸಾಗಿಸಬೇಕು. 108ಕ್ಕೆ ಫೋನ್ ಮಾಡಿಸಿ.

ಇದಕ್ಕೆ ಔಷಧ ಅಡ್ರಿನಲಿನ್. ಅವಿಲ್ ಅಲ್ಲ, ಸೆಟ್ರಿಜಿನ್ ಅಲ್ಲ, ಸ್ಟೀರಾಯ್ಡ್ ಅಲ್ಲ. ಅವು ತುರಿಕೆ ಇಳಿಸುತ್ತವೆ, ಆದರೆ ಬೀಳುವ ಬಿಪಿಯನ್ನು ಎತ್ತುವುದಿಲ್ಲ, ಊದುವ ಗಂಟಲನ್ನು ತೆರೆಯುವುದಿಲ್ಲ. ಅಡ್ರಿನಲಿನ್ ಅನ್ನು ತೊಡೆಯ ಹೊರಬದಿಯ ಮಾಂಸಖಂಡಕ್ಕೆ ಕೊಡಬೇಕು. ವಯಸ್ಕರಿಗೆ ಸಾಮಾನ್ಯವಾಗಿ 0.5 ಮಿ.ಗ್ರಾಂ., ಅಂದರೆ ಒಂದು ಮಿಲಿಗೆ 1 ಮಿ.ಗ್ರಾಂ. ಇರುವ ಆಂಪ್ಯೂಲಿನಲ್ಲಿ ಅರ್ಧ ಮಿಲಿ. ಸುಧಾರಿಸದಿದ್ದರೆ 5ರಿಂದ 15 ನಿಮಿಷದಲ್ಲಿ ಇನ್ನೊಂದು. ಹೊರದೇಶಗಳಲ್ಲಿ ರೋಗಿಗಳ ಕೈಯಲ್ಲಿ ಇದರ ಪೆನ್ ಇರುತ್ತದೆ. ನಮ್ಮ ಊರುಗಳ ಮೆಡಿಕಲ್ ಶಾಪಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಆಂಪ್ಯೂಲ್ ಮಾತ್ರ ಅಗ್ಗ. ನಿಮ್ಮ ಅಲರ್ಜಿ ಡಾಕ್ಟರ ಹತ್ತಿರ ಆಂಪ್ಯೂಲ್, ಸಿರಿಂಜ್ ಬರೆಸಿಕೊಂಡು, ಕೊಡುವುದು ಹೇಗೆ ಎಂದು ನೀವೂ ನಿಮ್ಮವರೂ ಕಲಿತು ಬನ್ನಿ. ಬಿಸಿಲು, ಬೆಳಕು ತಾಗದಂತೆ ಇಡಿ. ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟರೆ ಕೆಟ್ಟುಹೋಗುತ್ತದೆ.

ಆಸ್ಪತ್ರೆಗೆ ಹೋದ ತಕ್ಷಣ ‘ನನಗೆ ಅನಾಫಿಲ್ಯಾಕ್ಸಿಸ್ ಆಗುತ್ತದೆ, ಅಡ್ರಿನಲಿನ್ ಬೇಕು’ ಎಂದು ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ. ಇಳಿದ ಲಕ್ಷಣ ಕೆಲವು ಗಂಟೆ ಬಿಟ್ಟು ಮತ್ತೆ ಬರುವುದುಂಟು, ಅದಕ್ಕೇ ನಿಗಾದಲ್ಲಿ ಇರಿಸಿಕೊಳ್ಳುತ್ತಾರೆ. ಸಾಧ್ಯವಾದರೆ ಲಕ್ಷಣ ಶುರುವಾದ ಒಂದೆರಡು ಗಂಟೆಯೊಳಗೆ ಟ್ರಿಪ್ಟೇಸ್ ಪರೀಕ್ಷೆಗೆ ರಕ್ತ ತೆಗೆಸಿ, ಒಂದು ದಿನ ಕಳೆದ ಮೇಲೆ ಮತ್ತೊಮ್ಮೆ. ಎರಡನ್ನೂ ಹೋಲಿಸಿದರೆ ಮಾಸ್ಟ್ ಕಣಗಳು ಸಿಡಿದವೋ ಇಲ್ಲವೋ ತಿಳಿಯುತ್ತದೆ. ಆಮೇಲೆ ಫುಡ್ ಪಾಯಿಸನ್ ಎಂಬ ವಾದಕ್ಕೆ ಜಾಗ ಇರುವುದಿಲ್ಲ.

ಇನ್ನು ದಿನನಿತ್ಯದ ಮಾತು

ಪರೀಕ್ಷೆ ಮುಗಿಯುವವರೆಗೆ ಗೋಧಿ ಪೂರ್ತಿ ಬಿಡಿ. ಕೆಲವು ತಜ್ಞರು ‘ತಿನ್ನಿ, ವ್ಯಾಯಾಮ ಮಾತ್ರ ದೂರ ಇಡಿ’ ಎನ್ನುತ್ತಾರೆ. ಗಂಧೆಯಷ್ಟೇ ಎದ್ದವರಿಗೆ ನಾನೂ ಹಾಗೇ ಹೇಳುವುದುಂಟು. ನೀವು ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದಿದ್ದೀರಿ, ವ್ಯಾಯಾಮ ಇಲ್ಲದೆಯೂ ಒಮ್ಮೆ ಗಂಧೆ ಎದ್ದಿವೆ. ನಿಮಗೆ ಆ ಸಲಹೆ ಕೊಡಲು ನನಗೆ ಧೈರ್ಯವಿಲ್ಲ. ಜೋಳದ ರೊಟ್ಟಿಯ ನಾಡಿನಲ್ಲಿ ಇದ್ದೀರಿ, ಅದೇ ಒಂದು ಪುಣ್ಯ. ಅಕ್ಕಿ, ರಾಗಿ, ಸಜ್ಜೆ, ನವಣೆ ಎಲ್ಲ ನಡೆಯುತ್ತದೆ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಿಮ್ಮ ಜೋಳ ಹಾಕಿಸಬೇಡಿ. ಖಪ್ಲಿ ಗೋಧಿ ಹಳೇ ತಳಿ, ಅದರಿಂದ ಏನೂ ಆಗಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದೂ ಗೋಧಿಯೇ. ಬಾರ್ಲಿಯ ಪ್ರೋಟೀನೂ ಗೋಧಿಯದನ್ನು ಹೋಲುತ್ತದೆ, ಸದ್ಯಕ್ಕೆ ಬಾರ್ಲಿ ನೀರೂ ಬೇಡ.

ಗೋಧಿ ಬಚ್ಚಿಟ್ಟುಕೊಂಡಿರುವ ಜಾಗಗಳು ಬಹಳ. ಶಾವಿಗೆ, ಬಿಸ್ಕತ್ತು, ಗೋಬಿ ಮಂಚೂರಿಯ ಮೈದಾ, ಅದರ ಸೋಯಾ ಸಾಸ್, ಮಂಗಳೂರು ಬನ್ಸ್, ಗೋಳಿಬಜೆ. ಅಂಗಡಿಯ ಇಂಗಿನಲ್ಲೂ ಅನೇಕ ಸಲ ಗೋಧಿ ಅಥವಾ ಮೈದಾ ಬೆರೆಸಿರುತ್ತಾರೆ. ಒಗ್ಗರಣೆಯ ಚಿಟಿಕೆ ಇಂಗಿಗೆ ನಿಮಗೇನೂ ಆಗಲಾರದು, ಅದಕ್ಕೆಂದು ಊರೂಟ ಬಿಡಬೇಕಿಲ್ಲ. ಆದರೂ ಡಬ್ಬಿ ತಿರುಗಿಸಿ ಓದುವ ರೂಢಿ ಒಳ್ಳೆಯದು. ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಪ್ಯಾಕೆಟ್ ಮೇಲೆ ಹಾಕಲೇಬೇಕು ಎಂದು ನಮ್ಮ ಆಹಾರ ಸುರಕ್ಷತಾ ನಿಯಮವೇ ಇದೆ. ಸೋಪು, ಫೇಸ್‌ವಾಶ್ ಕೂಡ ನೋಡಿಕೊಳ್ಳಿ. ಜಪಾನಿನಲ್ಲಿ ಸಂಸ್ಕರಿಸಿದ ಗೋಧಿ ಪ್ರೋಟೀನು ಬೆರೆಸಿದ್ದ ಒಂದು ಮುಖದ ಸೋಪಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಅಂಟಿಕೊಂಡಿತು. ಮುಖ ತೊಳೆದು ತೊಳೆದು ಚರ್ಮದ ಮೂಲಕ ಒಳಹೋದ ಪ್ರೋಟೀನು, ಆಮೇಲೆ ಬ್ರೆಡ್ ತಿಂದು ನಡೆದಾಡಿದರೂ ಕಣ್ಣು ಊದುವ ಹಾಗೆ ಮಾಡಿತು. 2011ರಲ್ಲಿ ಆ ಸೋಪನ್ನು ಹಿಂದಕ್ಕೆ ತರಿಸಿಕೊಂಡರು. ಬಳಕೆ ನಿಲ್ಲಿಸಿದ ಮೇಲೆ ಹಲವರು ಸುಧಾರಿಸಿದರು.

ವಾಕಿಂಗ್ ಬಿಡಬೇಡಿ. ವ್ಯಾಯಾಮ ನಿಮಗೆ ಶತ್ರುವಲ್ಲ. ಬೆಳಿಗ್ಗೆ ಎದ್ದು ಏನೂ ತಿನ್ನದೆ ಹೋಗುವುದು ಎಲ್ಲಕ್ಕಿಂತ ಸುಲಭ. ಮುಂದೆ ಡಾಕ್ಟರು ಗೋಧಿಗೆ ಒಪ್ಪಿಗೆ ಕೊಟ್ಟರೂ ಗೋಧಿ ತಿಂದ ಮೇಲೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ ದಣಿಯುವ ಕೆಲಸ ಬೇಡ. ದಣಿವು ಅಂದರೆ ಜಿಮ್ ಒಂದೇ ಅಲ್ಲ. ಬಸ್ಸಿಗೆ ಓಡುವುದು, ನೀರಿನ ಕೊಡ ಹೊತ್ತು ಮಹಡಿ ಹತ್ತುವುದು, ಮದುವೆ ಮೆರವಣಿಗೆಯಲ್ಲಿ ಕುಣಿಯುವುದೂ ಸೇರಿತು. ಮೊದಮೊದಲು ಒಬ್ಬರೇ ಹೋಗಬೇಡಿ, ಫೋನ್ ಕೈಯಲ್ಲಿರಲಿ.

ನೋವಿನ ಮಾತ್ರೆಗಳಲ್ಲಿ ಸದ್ಯಕ್ಕೆ ನಿಮಗೆ ಉಳಿಯುವುದು ಪ್ಯಾರಾಸಿಟಮಾಲ್. ಅದು ಬೇರೆ ಥರ ಕೆಲಸ ಮಾಡುತ್ತದೆ, ಈ ತೊಂದರೆ ತರುವುದು ತೀರಾ ಕಡಿಮೆ. ಮೋಸ ಎಲ್ಲಿ ಎಂದರೆ ಜೋಡಿ ಮಾತ್ರೆಗಳಲ್ಲಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಬೆನ್ನುನೋವಿಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸೆಕ್ಲೋಫೆನಾಕ್ ಇರುತ್ತದೆ. ಮೆಫ್ತಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಸಿಡ್ ಇದೆ. ಅದರ ಬದಲು ಹೊಟ್ಟೆಸೆಳೆತ ಇಳಿಸುವ ಡ್ರೋಟಿನ್ ಮಾತ್ರೆ ಕೇಳಿದರೆ ಸರಿ, ಡ್ರೋಟಿನ್ ಎಂ ಕೊಟ್ಟರೆ ಮತ್ತೆ ಅದೇ ಮೆಫೆನಾಮಿಕ್ ಆಸಿಡ್. ಮಾತ್ರೆಯ ಮುಂದಿನ ದೊಡ್ಡ ಹೆಸರನ್ನಲ್ಲ, ಹಿಂದಿನ ಸಣ್ಣ ಅಕ್ಷರವನ್ನು ಓದಿ. ಮುಟ್ಟಿನ ನೋವಿಗೆ ಬಿಸಿನೀರಿನ ಚೀಲ, ಪ್ಯಾರಾಸಿಟಮಾಲ್ ಸಾಲದಿದ್ದರೆ ನಿಮ್ಮ ಸ್ತ್ರೀರೋಗ ತಜ್ಞರಿಗೆ ಈ ಕಥೆಯೆಲ್ಲ ಹೇಳಿ ಬೇರೆ ದಾರಿ ಕೇಳಿ.

ನೋವಿನ ಮಾತ್ರೆ ಬರೆಯುವಾಗ ಜೊತೆಗೆ ಗ್ಯಾಸ್ ಮಾತ್ರೆ ಬರೆಯುವುದು ನಮ್ಮಲ್ಲಿ ರೂಢಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಪ್ರೋಟೀನು ಸರಿಯಾಗಿ ಒಡೆಯದೆ ಕರುಳಿಗೆ ಇಳಿಯುತ್ತದೆ, ಹಾಗಾಗಿ ಅದನ್ನೂ ಜೊತೆಗೂಡುವ ಕಾರಣಗಳ ಪಟ್ಟಿಯಲ್ಲಿ ಸೇರಿಸುತ್ತಾರೆ. ಪುರಾವೆ ನೋವಿನ ಮಾತ್ರೆಯಷ್ಟು ಗಟ್ಟಿಯಿಲ್ಲ. ಅಗತ್ಯವಿಲ್ಲದೆ ನುಂಗಬೇಡಿ, ಅಷ್ಟೇ.

ಇದನ್ನು ಓದುವ ಹಿರಿಯರಿಗೆ ಒಂದು ಮಾತು. ಇಕೋಸ್ಪ್ರಿನ್ ಎಂದರೂ ಆಸ್ಪಿರಿನ್ನೇ, ಆದರೆ ಹೃದಯಕ್ಕೆಂದು ಕೊಟ್ಟ ಅದನ್ನು ಈ ಲೇಖನ ಓದಿ ನಿಲ್ಲಿಸಬೇಡಿ. ಊಟದ ನಂತರ ಗಂಧೆ, ತಲೆಸುತ್ತು ಬರುತ್ತಿದ್ದರೆ ಅದನ್ನು ಬರೆದುಕೊಟ್ಟ ಡಾಕ್ಟರ ಬಳಿ ಹೋಗಿ. ಬಿಪಿಗೆ ಬೀಟಾ ಬ್ಲಾಕರ್ ಎಂಬ ಬಗೆಯ ಮಾತ್ರೆ ತಗೊಳ್ಳುವವರಲ್ಲಿ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೇ ಇರಬಹುದು, ಅದನ್ನೂ ಅಲರ್ಜಿ ಡಾಕ್ಟರಿಗೆ ತಿಳಿಸಿ.

ಅಪಾಯಿಂಟ್‌ಮೆಂಟಿಗೆ ಹೋಗುವಾಗ ಮೂರೂ ಘಟನೆಯ ಹಿಂದಿನ ಆರು ಗಂಟೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಯಾವ ಮಾತ್ರೆ, ಎಷ್ಟು ನಡೆದಿರಿ, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ, ಜ್ವರ, ಮುಟ್ಟು ಇತ್ತಾ. ಏನೂ ಆಗದ ಎರಡು ಚಪಾತಿ ದಿನಗಳನ್ನೂ ಬರೆಯಿರಿ. ಬಿಸಿನೀರು ಸ್ನಾನಕ್ಕೆ, ಬೆವರಿಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆಯೇ ಎಂಬುದನ್ನೂ ಹೇಳಿ, ಅದು ಬೇರೆಯೇ ಕಾಯಿಲೆ. ದುಬಾರಿ ಪ್ಯಾನೆಲ್‌ಗಳಿಗಿಂತ ಈ ಹಾಳೆಯಿಂದ ಡಾಕ್ಟರಿಗೆ ಜಾಸ್ತಿ ತಿಳಿಯುತ್ತದೆ.

ಮಗಳ ವಿಷಯ. ಅವಳು ಚಪಾತಿ, ಬಿಸ್ಕತ್ತು ತಿಂದು ಆಡಿಕೊಂಡು ಚೆನ್ನಾಗಿದ್ದರೆ ಯಾವ ಟೆಸ್ಟೂ ಬೇಡ. ಅಲರ್ಜಿಯ ಒಲವು ಮನೆತನದಲ್ಲಿ ಬರಬಹುದು, ಆದರೆ ಈ ಥರದ ಗೋಧಿ ಅಲರ್ಜಿ ಹೆಚ್ಚಾಗಿ ದೊಡ್ಡವರಾದ ಮೇಲೆ ಶುರುವಾಗುತ್ತದೆ. ಲಕ್ಷಣವೇ ಇಲ್ಲದ ಮಗುವಿಗೆ ಟೆಸ್ಟ್ ಮಾಡಿಸಿದರೆ ಸುಳ್ಳು ಪಾಸಿಟಿವ್ ಬಂದು ಸುಮ್ನೆ ಗಾಬರಿ. ನೀವು ಗೋಧಿ ಬಿಟ್ಟಿದ್ದೀರಿ ಎಂದು ಅವಳ ತಟ್ಟೆಯಿಂದ ಚಪಾತಿ ತೆಗೆಯಬೇಡಿ.